ರತ್ನತ್ತೆಯ ಕಳ್ಳಿ ತಾರಸಿ

ಯಾರ ಜೊತೆ ಮಾತಾಡುತ್ತಿದ್ದರೂ ನಮ್ಮ ರತ್ನತ್ತೆ ನಡುವೆ ತಟಕ್ಕನೆ ಎದ್ದು ಕಿಟಕಿಯ ಬಳಿ ಹೋಗಿ ಅಂಗೈಯನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಕೂದಲಿಗಿಂತ ಸಣ್ಣದೊಂದು ಮುಳ್ಳು ಎಲ್ಲೋ ಚುಚ್ಚಿಕೊಂಡಿರುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿದ್ದ ಚಿಮಟ ತೆಗೆದು ಅದನ್ನು ಕಿತ್ತು, ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಹ್ಞಾ, ಏನೋ ಹೇಳ್ತಿದ್ರಿ" ಎಂದು ಮಾತಿಗೆ ವಾಪಸಾಗುತ್ತಿದ್ದಳು. ಅಷ್ಟರಲ್ಲಿ ಎದುರಿಗಿದ್ದವರಿಗೆ ತಾವು ಏನು ಹೇಳುತ್ತಿದ್ದೆವೆಂಬುದೇ ಮರೆತುಹೋಗಿರುತ್ತಿತ್ತು.

ಅವಳು ಕೂತಿದ್ದನ್ನು ನಾನು ಹೆಚ್ಚು ನೋಡಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಊಟ ಮಾಡುತ್ತಿದ್ದಳು. ಟಿ.ವಿ. ನೋಡುವಾಗ ಬಾಗಿಲಿಗೆ ಒರಗಿಕೊಂಡಿರುತ್ತಿದ್ದಳು, ಧಾರಾವಾಹಿಯ ಮಧ್ಯೆ ಜಾಹೀರಾತು ಬಂದ ಕೂಡಲೇ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿಬಿಡುತ್ತಿದ್ದಳು. "ಒಂದು ಗಳಿಗೆ ಕೂತ್ಕೊಳ್ಳೇ ರತ್ನ, ನಿನ್ನ ನೋಡ್ತಿದ್ರೆ ನಂಗೇ ಸುಸ್ತಾಗತ್ತೆ" ಎಂದು ಅಮ್ಮ ಗೊಣಗಿದರೆ, "ಕೂತ್ರೆ ಕಾಲು ಜೋಮು ಹಿಡಿಯತ್ತೆ ಅತ್ಗೆ" ಅನ್ನುವ ಮಾತು ಮೆಟ್ಟಿಲ ಮೇಲಿಂದ ಕೇಳಿಸುತ್ತಿತ್ತು.

ರತ್ನತ್ತೆ ನನ್ನ ಅಪ್ಪನ ತಂಗಿ. ನಮ್ಮದು ದೊಡ್ಡಬಳ್ಳಾಪುರದಲ್ಲಿ ಕೆಳಗೆ ನಾಲ್ಕು ಮಗ್ಗ, ಮೇಲೆ ಎರಡು ಕೋಣೆಯ ವಾಸದ ಮನೆ, ಅದರ ಮೇಲೆ ತಾರಸಿ. ಅಪ್ಪ ಸೀರೆ ನೇಯುತ್ತಿದ್ದರು. ಕರೆಂಟು ಇರುವಷ್ಟು ಹೊತ್ತೂ ಮನೆಯೆಲ್ಲ ಲಟಲಟ ಸದ್ದು. ನಾವು ಒಬ್ಬರೊಡನೊಬ್ಬರು ಕೂಗಿಕೊಂಡೇ ಮಾತಾಡುತ್ತಿದ್ದೆವು. ಕರೆಂಟು ಹೋದಾಗಲೂ ಆ ಕೂಗು ಇಳಿಯುತ್ತಿರಲಿಲ್ಲವಾದ್ದರಿಂದ ಹೊಸದಾಗಿ ಬಂದವರು ನಮ್ಮ ಮನೆಯಲ್ಲಿ ಜಗಳ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ರತ್ನತ್ತೆ ಈ ಮನೆಗೆ ಬಂದಳು. ಒಂದು ತೋಳಿನಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಪೇಪರು ಸುತ್ತಿದ ಐಸ್‌ಕ್ರೀಮ್ ಡಬ್ಬಿ. ಡಬ್ಬಿಯಲ್ಲಿ ಕಿತ್ತಳೆ ಹಣ್ಣಿನಷ್ಟು ದಪ್ಪದ, ಗುಂಡಗಿನ ಒಂದು ಪಾಪಾಸುಕಳ್ಳಿ. ಒಂದು ಪಕ್ಕ ಜಜ್ಜಿಹೋಗಿತ್ತು. ಅವಳನ್ನು ಕೊಟ್ಟಿದ್ದು ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ, ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್ನುಗಳಿದ್ದ ಮನೆಗೆ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ವಾಸ್ತು ನೋಡಲು ಬಂದವನೊಬ್ಬ, ಮನೆಯಲ್ಲಿ ಮುಳ್ಳಿನ ಗಿಡ ಇಟ್ಟುಕೊಂಡರೆ ಸಂತಾನ ಎಲ್ಲಿಂದ ಆಗಬೇಕು ಎಂದನಂತೆ. ಅವಳ ಅತ್ತೆ ಜಗಲಿಯ ಮೇಲಿದ್ದ ಎಂಟು ಕುಂಡಗಳನ್ನು ಒಂದೊಂದಾಗಿ ಎತ್ತಿ ಮೋರಿಗೆ ಎಸೆದರಂತೆ. ಇವಳು ಮೋರಿಗಿಳಿದು ಒಂದನ್ನು ಎತ್ತಿಕೊಂಡಳು, ಒಳಗೆ ಹೋಗಿ ಚೀಲ ತುಂಬಿಕೊಂಡಳು, ಬಸ್‌ಸ್ಟ್ಯಾಂಡಿಗೆ ನಡೆದಳು.

ನಮ್ಮ ಬೀದಿಯಲ್ಲಿ ಇದು ತಿಂಗಳುಗಟ್ಟಲೆ ಮಾತಾಯಿತು. ಮುಳ್ಳಿನ ಗಿಡಕ್ಕೋಸ್ಕರ ಗಂಡನ್ನ ಬಿಟ್ಟು ಬಂದವಳು ಎಂದು ಅವಳನ್ನು ನೋಡಲೆಂದೇ ಸಕ್ಕರೆ ಕೇಳುವ ನೆಪದಲ್ಲಿ ಹೆಂಗಸರು ಬರುತ್ತಿದ್ದರು. ಅಪ್ಪ ಎರಡು ಸಲ ವಿಜಯಪುರಕ್ಕೆ ಹೋಗಿ ಮಾತಾಡಿ ಬಂದರು. ಎರಡು ಸಲವೂ ರತ್ನತ್ತೆ, "ನಾನು ಹೋಗಲ್ಲ ಅಣ್ಣ" ಎಂದಷ್ಟೇ ಹೇಳಿದಳು. ಕಾರಣ ಕೇಳಿದರೆ ತಾರಸಿಗೆ ಹೋಗುತ್ತಿದ್ದಳು. ಮೂರನೇ ಸಲ ಅಪ್ಪ ಹೋಗಲಿಲ್ಲ.

ಆ ಒಂದು ಗಿಡ ಮರಿ ಹಾಕಿತು. ಮರಿಗಳನ್ನು ಬಿಡಿಸಿ ಬೇರೆ ಬೇರೆ ನೆಟ್ಟಳು. ಎಲ್ಲೆಲ್ಲಿಂದಲೋ ಹೊಸ ಗಿಡಗಳು ಬಂದವು. ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಿಂದ, ಮದುವೆ ಮನೆಯ ಅಂಗಳದಿಂದ, ಗುರುತಿಲ್ಲದವರ ಕಾಂಪೌಂಡಿನಿಂದ. ನಾವು ಒಟ್ಟಿಗೆ ದಾರಿಯಲ್ಲಿ ಹೋಗುತ್ತಿದ್ದರೆ ಅವಳು ಇದ್ದಕ್ಕಿದ್ದಂತೆ ಹಿಂದೆ ಉಳಿದುಬಿಡುತ್ತಿದ್ದಳು. ತಿರುಗಿ ನೋಡಿದರೆ ಯಾರದೋ ಗೇಟಿನ ಮುಂದೆ ನಿಂತು, "ಅಮ್ಮಾ, ಒಂದೇ ಒಂದು ಮರಿ ಕೊಡ್ತೀರಾ, ನೀವು ಕೇಳಿದ್ರೆ ನಮ್ಮನೆಯಿಂದ ಬೇರೆ ತಂದ್ಕೊಡ್ತೀನಿ" ಎನ್ನುತ್ತಿದ್ದಳು. ಮನೆ ಕಟ್ಟುತ್ತಿರುವ ಜಾಗ ಕಂಡರೆ ಒಡೆದ ಇಟ್ಟಿಗೆ ಆರಿಸುತ್ತಿದ್ದಳು. ಇಟ್ಟಿಗೆಯನ್ನು ಕುಟ್ಟಿ, ಅಡುಗೆಮನೆಯ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಇದ್ದಿಲ ಚೂರು, ದಪ್ಪ ಮರಳು ಬೆರೆಸಿ ಮಣ್ಣು ಮಾಡುತ್ತಿದ್ದಳು. ಜರಡಿಯ ವಿಷಯಕ್ಕೆ ಅಮ್ಮನಿಗೂ ಅವಳಿಗೂ ನಾಲ್ಕು ದಿನ ಮಾತು ಬಿಟ್ಟುಹೋಗಿತ್ತು.

ಲ್ಯಾಟಿನ್ ಹೆಸರುಗಳು ಅವಳಿಗೆ ಬೇಕಿರಲಿಲ್ಲ. ಮುಳ್ಳೇ ಇಲ್ಲದ ಗುಂಡು ಗಿಡ ಮೊಟ್ಟೆತಲೆ. ಬಿಳಿ ಕೂದಲಿಂದ ಮೈ ಮುಚ್ಚಿಕೊಂಡದ್ದು ಅಜ್ಜನ ಗಡ್ಡ. ಬೆಣಚುಕಲ್ಲಿನಂತೆ ಎರಡು ಹೋಳಾಗಿ ಸುಮ್ಮನೆ ಕೂತಿರುವ ಗಿಡಕ್ಕೆ ಕಿವುಡಿ ಎಂದಿದ್ದಳು, ಏನು ಕೇಳಿದರೂ ಉತ್ತರ ಕೊಡುವುದಿಲ್ಲವೆಂದು. ಮಗ್ಗ ಓಡುವಾಗ ತಾರಸಿಯೂ ಸಣ್ಣಗೆ ನಡುಗುತ್ತಿತ್ತು. ಸಣ್ಣ ಡಬ್ಬಿಗಳು ದಿನಕ್ಕೆ ಅರ್ಧ ಬೆರಳು, ಒಂದು ಬೆರಳು ಅಂಚಿನ ಕಡೆಗೆ ಸರಿಯುತ್ತಿದ್ದವು. ಅವಳು ಹೋಗಿ ಹೋಗಿ ಅವುಗಳನ್ನು ವಾಪಸು ಇಡುತ್ತಿದ್ದಳು. "ನೋಡೇ ಶೈಲು, ಇವಕ್ಕೂ ಒಂದ್ಕಡೆ ಇರೋಕಾಗಲ್ಲ" ಎಂದು ನನಗೆ ಹೇಳಿ ನಗುತ್ತಿದ್ದಳು.

ಮೊದಲ ವರ್ಷ ಅವಳು ಬೆಳೆಸಿದ್ದಕ್ಕಿಂತ ಸಾಯಿಸಿದ್ದೇ ಹೆಚ್ಚು. ಅವಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಈ ಗಿಡಗಳಿಗೆ ಬೇಕಾದ್ದು ಸುಮ್ಮನಿರುವವರು. ಬೆಳಿಗ್ಗೆ ಎದ್ದು ಬೆರಳು ಹಾಕಿ ಮಣ್ಣು ನೋಡುವುದು, ಒಣಗಿದೆ ಎಂದು ಒಂದು ಲೋಟ ನೀರು, ಸಂಜೆ ಮತ್ತೆ ನೋಡುವುದು, ಮತ್ತೊಂದು ಲೋಟ. ಮೂರು ವಾರಕ್ಕೆ ಗಿಡ ಬುಡದಲ್ಲಿ ಕಂದಾಗಿ, ಮುಟ್ಟಿದರೆ ಬೆಂದ ಆಲೂಗಡ್ಡೆಯಂತೆ ಕುಸಿಯುತ್ತಿತ್ತು. ಬೇರು ಬಂದಿದೆಯೋ ಇಲ್ಲವೋ ಎಂದು ನೆಟ್ಟ ಮರಿಗಳನ್ನು ವಾರಕ್ಕೊಮ್ಮೆ ಕಿತ್ತು ನೋಡುತ್ತಿದ್ದಳು. ನಂತರ ಕಲಿತಳು. ಕೈ ತುರಿಸಿದಾಗಲೆಲ್ಲ ಕೆಳಗಿಳಿದು ಅಪ್ಪನ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಹೀಗಾಗಿ ಬೇಸಿಗೆ ಕಳೆದು ಮಳೆ ಹಿಡಿದು ಗಿಡಗಳಿಗೆ ನೀರೇ ಬೇಡವಾದ ಮೇಲೆ ಅಪ್ಪನಿಗೆ ಕಂಡಿಕೆಯ ಕೊರತೆಯೇ ಇರುತ್ತಿರಲಿಲ್ಲ. "ನೀರು ಹಾಕೋದು ಯಾರಿಗಾದ್ರೂ ಬರತ್ತೆ ಕಣೇ. ಹಾಕ್ದೆ ಇರೋದು ಬಲು ಕಷ್ಟ" ಎನ್ನುತ್ತಿದ್ದಳು. ಆಮೇಲೆ ಕೈಗೆ ಮೊಬೈಲು ಬಂತು. ಯಾವುದೋ ದೇಶದ ಹೆಂಗಸು ಯಾವುದೋ ಭಾಷೆಯಲ್ಲಿ ಕಳ್ಳಿಗೆ ಕಸಿ ಕಟ್ಟುವ ವಿಡಿಯೋಗಳನ್ನು ಗಂಟೆಗಟ್ಟಲೆ, ನಿಂತುಕೊಂಡೇ, ನೋಡುತ್ತಿದ್ದಳು. ಏನು ಹೇಳ್ತಿದ್ದಾಳೆ ಅತ್ತೆ ಎಂದರೆ, "ಯಾರಿಗೊತ್ತು. ಕೈ ಕಾಣ್ಸತ್ತಲ್ಲ, ಸಾಕು."

ಆ ವಿಡಿಯೋ ನೋಡಿಯೇ ಅವಳು ಕಣ್ಣು ಕಳೆದುಕೊಳ್ಳುವಂತಾಗಿದ್ದು. ನಾನಾಗ ಪಿ.ಯು. ಓದುತ್ತಿದ್ದೆ. ಕಸಿಗೆ ಬುಡ ಬೇಕೆಂದು ಹೊಲದ ಬೇಲಿಯಿಂದ ಕಳ್ಳಿಯ ಕಾಂಡ ಕಡಿದು ತಂದು ತಾರಸಿಯಲ್ಲಿ ಬ್ಲೇಡಿನಿಂದ ಕತ್ತರಿಸಿದಳು. ಅದು ಹಾಲು ಸುರಿಸುವ ಕಳ್ಳಿ. ಹಾಲು ಚಿಮ್ಮಿ ಒಂದು ಕಣ್ಣಿಗೆ ಬಿತ್ತು, ಅದೇ ಕೈಯಲ್ಲಿ ಇನ್ನೊಂದು ಕಣ್ಣನ್ನೂ ಉಜ್ಜಿಕೊಂಡಳು. ಕೂಗು ಕೇಳಿ ನಾವು ಓಡಿದೆವು. ಅಮ್ಮ ಅವಳನ್ನು ಬಚ್ಚಲಿಗೆ ಎಳೆದು ತಂದು, ತಲೆಯನ್ನು ತನ್ನ ತೊಡೆಯ ಮೇಲೆ ಒತ್ತಿ ಹಿಡಿದು, ಕಣ್ಣಿನ ರೆಪ್ಪೆ ಬಿಡಿಸಿ ಚೊಂಬಿನಿಂದ ನೀರು ಬಿಟ್ಟಳು. ಅರ್ಧ ಗಂಟೆ ಬಿಟ್ಟಳು. ಬಿಡುವಷ್ಟು ಹೊತ್ತೂ ಬೈದಳು.

"ಹಾಳು ಮುಳ್ಳು ಮನೆಗೆ ತರ್ಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ? ಕಣ್ಣು ತೆಗಿ! ತೆಗಿಯೇ ಅಂದ್ರೆ!"

"ಉರೀತಿದೆ ಅತ್ಗೆ..."

"ಉರೀಲಿ! ತೆಗಿ!"

ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮೂರು ದಿನ ಮಲಗಿರಬೇಕು ಎಂದರು. ಅಮ್ಮ ಮೂರು ಹೊತ್ತೂ ಕೂರಿಸಿ ತುತ್ತು ಮಾಡಿ ಉಣ್ಣಿಸಿದಳು. ಆದರೆ ಮಲಗಿಸುವುದು ಯಾರ ಕೈಯಲ್ಲೂ ಆಗಲಿಲ್ಲ. ಗೋಡೆ ತಡವಿಕೊಂಡು ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ ಓಡಾಡುತ್ತಿದ್ದಳು. ಗಂಟೆಗೊಮ್ಮೆ ನನ್ನನ್ನು ತಾರಸಿಗೆ ಓಡಿಸುತ್ತಿದ್ದಳು.

"ಮೊಟ್ಟೆತಲೆ ಹೆಂಗಿದೆ? ಮೆತ್ತಗಾಗಿದ್ಯಾ? ಬೆರಳಲ್ಲಿ ಒತ್ಬೇಡ, ಉಗುರಲ್ಲಿ ಮುಟ್ಟು. ಬಣ್ಣ ಏನಿದೆ ಹೇಳು."

"ಹಸಿರು."

"ಎಂಥಾ ಹಸಿರೇ? ಹಸಿರು ಅಂದ್ರೆ ಆಯ್ತಾ? ನಿಮ್ಮಪ್ಪನ್ನ ಕೇಳು, ಎಷ್ಟು ಹಸಿರು ನೂಲಿದೆ ಅಂತ."

ನನಗೆ ಬೇಜಾರಾಗಿ ಒಂದು ಸಲ ಅರ್ಧ ಮೆಟ್ಟಿಲು ಹತ್ತಿ, ನಿಂತು, ಇಳಿದು ಬಂದು ಎಲ್ಲ ಚೆನ್ನಾಗಿದೆ ಎಂದೆ. ಕರೆಂಟು ಹೋಗಿ ಮಗ್ಗ ನಿಂತಿತ್ತು. "ಹದಿನೆಂಟು ಮೆಟ್ಲು ಕಣೇ ಶೈಲು. ನೀನು ಹತ್ತಿದ್ದು ಒಂಬತ್ತು" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅಂಗಲಾಚುವಂತಿತ್ತು. ನಾಚಿಕೆಯಾಗಿ ಮತ್ತೆ ಹತ್ತಿದೆ. ಆ ಮೂರು ದಿನದಲ್ಲಿ ನಾನು ಅವಳ ಗಿಡಗಳನ್ನು ಒಂದೊಂದಾಗಿ ನೋಡಿದೆ. ಬೂದುಹಸಿರು, ನೀಲಿಹಸಿರು, ಎಳೆ ಹುಣಸೆಯ ಹಸಿರು; ಮುಳ್ಳು ನಕ್ಷತ್ರದಂತೆ ಸುತ್ತ ಹರಡಿರುವುದು, ಕೊಕ್ಕೆಯಂತೆ ಬಗ್ಗಿರುವುದು. ಒಂದು ವಸ್ತುವನ್ನು ಎದುರಿಗೆ ನಿಂತು ಸರಿಯಾಗಿ ನೋಡಿ ಹೇಳಲು ನಾನು ಕಲಿತದ್ದು ಆಗಲೇ, ಅವಳಿಗಾಗಿ.

ಕಣ್ಣು ಉಳಿಯಿತು. ಪಟ್ಟಿ ಬಿಚ್ಚಿದ ಮರುದಿನವೇ ಹಾಲು ಬರದ ಕಳ್ಳಿ ಹುಡುಕಿ, ಅದರ ಮೇಲೆ ಕೆಂಪು ಗುಂಡಿನಂಥ ಒಂದು ಮರಿಯನ್ನು ಕೂರಿಸಿ, ಅಪ್ಪ ಕೊಟ್ಟ ರೇಷ್ಮೆ ಎಳೆಯಿಂದ ಅಡ್ಡಡ್ಡ ಉದ್ದುದ್ದ ಬಿಗಿದು ಕಟ್ಟಿದಳು. ಅದು ಹಿಡಿಯಿತು. ಅಪ್ಪ ಮಗ್ಗ ನಿಲ್ಲಿಸಿ ಮೇಲೆ ಬಂದು ನೋಡಿ, "ಗಂಟು ಚೆನ್ನಾಗಿ ಹಾಕಿದೀಯ" ಎಂದರು. ಅಪ್ಪನಿಂದ ಅದು ದೊಡ್ಡ ಮಾತು.

ಅಮ್ಮನಿಗೆ ಮಾತ್ರ ಮುಳ್ಳಿನ ಭಯ ಹೋಗಲಿಲ್ಲ. ಸೀರೆಗೆ ಬೇಡಿಕೆ ಕುಸಿದರೂ ಮುಳ್ಳು, ನನಗೆ ಟೈಫಾಯ್ಡ್ ಆದರೂ ಮುಳ್ಳು. ಡಿಗ್ರಿ ಮುಗಿಸಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾದರೂ ಗಂಡು ಗೊತ್ತಾಗದಿದ್ದಾಗ ಆ ಭಯ ಅಮ್ಮನ ಗಂಟಲಿನವರೆಗೆ ಬಂದು ನಿಂತಿತ್ತು.

ನನಗೆ ಇಪ್ಪತ್ತೈದಾಗಿದ್ದಾಗ ಹೊಸಕೋಟೆಯಿಂದ ಒಂದು ಸಂಬಂಧ ಬಂತು. ಹುಡುಗನದು ಒಳ್ಳೆಯ ನೌಕರಿ. ಒಂದು ಏಪ್ರಿಲ್ ಭಾನುವಾರ ಸಾಯಂಕಾಲ ನಾಲ್ಕು ಗಂಟೆಗೆ ನೋಡಲು ಬರುತ್ತೇವೆಂದರು. ಹುಡುಗನ ಮನೆಯವರು ವಾಸ್ತು, ಶಾಸ್ತ್ರ ಎಲ್ಲ ತುಂಬಾ ನೋಡುತ್ತಾರೆಂದು ಮಧ್ಯಸ್ಥಿಕೆಯವರು ಮೊದಲೇ ಹೇಳಿದ್ದರು. ಅಮ್ಮ ಬೆಳಿಗ್ಗೆಯಿಂದ ರತ್ನತ್ತೆಯ ಹಿಂದೆ ಮುಂದೆ ಸುಳಿದಾಡಿ ಕೊನೆಗೆ ಬಾಯಿ ಬಿಟ್ಟಳು.

"ರತ್ನ, ಇವತ್ತೊಂದಿನ ಗಿಡ ಎಲ್ಲಾ ಪಕ್ಕದ ಮನೆ ತಾರಸಿ ಮೇಲೆ ಇಟ್ಬಿಡಾಣ ಕಣೆ. ಅವ್ರು ಹೋದ್ಮೇಲೆ ತಂದ್ಕೊಂಡ್ರಾಯ್ತು."

"ಅದಕ್ಕೇನಂತೆ ಅತ್ಗೆ" ಎಂದು ರತ್ನತ್ತೆ ಆಗಲೇ ಸೆರಗು ಸಿಕ್ಕಿಸಿಕೊಂಡಳು. ಪಕ್ಕದ ಮನೆಗೆ ಮಹಡಿಯಿಲ್ಲ, ಅದರ ತಾರಸಿ ನಮ್ಮ ಕೋಣೆಗಳ ಮಟ್ಟಕ್ಕೇ ಇತ್ತು, ನಡುವೆ ಮೊಣಕಾಲೆತ್ತರದ ಗೋಡೆ. ನಾನು ಮೇಲಿಂದ ತಂದು ಈ ಕಡೆಯಿಂದ ಎತ್ತಿ ಕೊಡುವುದು, ಅವಳು ಆ ಕಡೆ ಇಡುವುದು. ನೂರ ನಲವತ್ತಕ್ಕೂ ಮೇಲೆ ಇದ್ದವು. ಮುಗಿಯುವಾಗ ಮಧ್ಯಾಹ್ನ ಎರಡಾಗಿತ್ತು. ಒಳಗೆ ಬಂದರೆ ಅಮ್ಮ ಇನ್ನೂ ಏನೋ ಹೇಳುವುದಿದೆ ಎಂಬಂತೆ ನಿಂತಿದ್ದಳು.

"ರತ್ನ, ನೀನೂನೂ... ಒಂದು ಗಂಟೆ..."

ಅಮ್ಮ ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಬೀಳಲಿಲ್ಲ. ರತ್ನತ್ತೆ ಚಪ್ಪಲಿ ಮೆಟ್ಟಿಕೊಂಡು, "ಗಿಡಗಳ ಹತ್ರಾನೇ ಇರ್ತೀನಿ ಬಿಡಿ, ಬೆಕ್ಕು ಗಿಕ್ಕು ಬೀಳ್ಸಿದ್ರೆ ಕಷ್ಟ" ಎಂದು ಹೊರಟುಹೋದಳು.

ಅವರು ಐದು ಜನ ಬಂದರು. ನಾನು ಕಾಫಿ ಕೊಟ್ಟು ಚಾಪೆಯ ಮೇಲೆ ಕೂತೆ. ಹುಡುಗನ ಚಿಕ್ಕಮ್ಮನೇ ಎಲ್ಲ ವಿಚಾರಿಸುತ್ತಿದ್ದುದು.

"ಮನೇಲಿ ಯಾರ್ಯಾರಿದೀರಾ?"

"ನಾವು ಮೂರೇ ಜನ" ಎಂದಳು ಅಮ್ಮ.

ಅಪ್ಪ ಕಾಫಿ ಲೋಟದೊಳಗೆ ನೋಡುತ್ತಿದ್ದರು. ನಾನು ಚಾಪೆಯ ಅಂಚಿನ ಎಳೆ ಕೀಳುತ್ತಿದ್ದೆ.

ಇದ್ದಕ್ಕಿದ್ದಂತೆ ಕತ್ತಲು ಕವಿಯಿತು. ಗಾಳಿ ಎದ್ದಿತು. ಆಮೇಲೆ ಮಗ್ಗದ ಮನೆಯ ಮುಂದಿನ ಶೀಟಿನ ಮೇಲೆ ಯಾರೋ ಜಲ್ಲಿ ಸುರಿದಂತೆ ಸದ್ದಾಯಿತು. ಆಲಿಕಲ್ಲು. ಕಿಟಕಿಯಿಂದ ಪಕ್ಕದ ತಾರಸಿ ಪೂರ್ತಿ ಕಾಣುತ್ತಿತ್ತು. ನಮ್ಮ ತಾರಸಿಯಲ್ಲಾಗಿದ್ದರೆ ಎಳೆದು ಕಟ್ಟಲು ಪ್ಲಾಸ್ಟಿಕ್ ಹೊದಿಕೆ ಇತ್ತು. ಅಲ್ಲಿ ಏನೂ ಇರಲಿಲ್ಲ. ರತ್ನತ್ತೆ ಒಂದು ಹಳೆಯ ಗೋಣಿಚೀಲ ಹಿಡಿದು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಯಲು. ಆಮೇಲೆ ಸೆರಗು ಬಿಚ್ಚಿ ಅದನ್ನೂ ಹರಡಿದಳು. ತಲೆಯ ಮೇಲೆ ಕಲ್ಲು ಬೀಳುವಾಗ ಅವಳ ಕುತ್ತಿಗೆ ಪ್ರತಿಸಲ ಕುಗ್ಗುತ್ತಿದ್ದುದು ನನಗೆ ಕಾಣುತ್ತಿತ್ತು.

"ಅಯ್ಯೋ, ಯಾರದು ಪಾಪ, ಈ ಮಳೇಲಿ?" ಎಂದರು ಹುಡುಗನ ಚಿಕ್ಕಮ್ಮ.

"ಪಕ್ಕದ ಮನೆಯವ್ರು" ಎಂದಳು ಅಮ್ಮ. ಹೇಳಿ, ಎದ್ದು ಹೋಗಿ ಕಿಟಕಿ ಮುಚ್ಚಿದಳು. ಮಳೆ ಒಳಗೆ ಬರುತ್ತದೆಂದು.

ನಾನು ಎದ್ದು ಓಡಿದೆ ಎಂದು ಬರೆಯಬೇಕೆಂದು ಈಗಲೂ ಕೈ ತುಡಿಯುತ್ತದೆ. ನಾನು ಏಳಲಿಲ್ಲ. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಆ ಚಾಪೆಯ ಮೇಲೆ ಇನ್ನೂ ಮುಕ್ಕಾಲು ಗಂಟೆ ಕೂತಿದ್ದೆ.

ಅವರು ಹೋದ ಮೇಲೆ ರತ್ನತ್ತೆ ಬಂದಳು. ಹಣೆಯ ಮೇಲೆ ಗೋಲಿಯಷ್ಟು ಊದಿತ್ತು. ಅಮ್ಮ ಟವಲು ತಂದು ಕೊಟ್ಟು, ಮುಖ ನೋಡದೆ ಒಳಗೆ ಹೋಗಿಬಿಟ್ಟಳು. ನಾನು ಅವಳ ಜೊತೆ ಪಕ್ಕದ ತಾರಸಿಗೆ ಹೋದೆ. ಅಜ್ಜನ ಗಡ್ಡ ನಡುವಿನಿಂದ ಮುರಿದಿತ್ತು. ಮೊಟ್ಟೆತಲೆಯ ಮೇಲೆ ನಾಲ್ಕು ಗುಳಿ. ನೀರು ತುಂಬಿದ ದಪ್ಪ ಎಲೆಗಳ ಗಿಡಗಳಲ್ಲಿ ಒಂದೂ ಉಳಿದಿರಲಿಲ್ಲ. ರತ್ನತ್ತೆ ಮುರಿದ ಚೂರುಗಳನ್ನು ಬುಟ್ಟಿಗೆ ಆರಿಸುತ್ತಾ ನನ್ನ ಕಡೆ ನೋಡದೆ ಕೇಳಿದಳು:

"ಹುಡುಗ ಮುಖ ಎತ್ತಿ ಮಾತಾಡಿದ್ನೇನೇ?"

ನಾನು ಯೋಚಿಸಿದೆ. "ಇಲ್ಲ ಅತ್ತೆ. ಫೋನ್ ನೋಡ್ತಿದ್ರು."

ಅವಳು ಬುಟ್ಟಿ ಕೆಳಗಿಟ್ಟಳು. ಹದಿಮೂರು ವರ್ಷದಲ್ಲಿ ಯಾರು ಕೇಳಿದರೂ ಹೇಳದಿದ್ದುದನ್ನು ಆ ಒದ್ದೆ ಸೀರೆಯಲ್ಲಿ ನಿಂತುಕೊಂಡೇ ಹೇಳಿದಳು.

"ಗಿಡ ಬಿಸಾಕಿದ್ದಕ್ಕೆ ಬಂದ್ಬಿಟ್ಟೆ ಅಂತಾರಲ್ಲ, ಅದಕ್ಕಲ್ಲ ಕಣೇ. ಅತ್ತೆ ವಯಸ್ಸಾದವ್ರು, ಅವ್ರ ನಂಬಿಕೆ ಅವ್ರದು. ನಮ್ಮೆಜಮಾನ್ರು ಅಲ್ಲೇ ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ರು. ಎಂಟು ಕುಂಡ ಒಡೀತು, ಎಂಟು ಸದ್ದು. ಒಂದು ಸದ್ದಿಗಾದ್ರೂ ತಲೆ ಎತ್ತಿ ಏನಾಯ್ತು ಅಂತ ನೋಡ್ಲಿಲ್ಲ. ನಾನು ಮೋರಿಗಿಳಿದಾಗ್ಲೂ ನೋಡ್ಲಿಲ್ಲ. ಚೀಲ ಹಿಡ್ಕೊಂಡು ಮುಂದೇನೇ ಹಾದು ಬಂದೆ. ಹಾಳೆ ತಿರುಗಿಸಿದ್ರು. ಹನ್ನೊಂದು ವರ್ಷ ಹಂಗೇ ಇತ್ತು, ಅವತ್ತು ನಂಗೆ ಕಾಣ್ಸ್ತು, ಅಷ್ಟೇ."

ಹೇಳದಿದ್ದರೆ ಆಗುತ್ತಿರಲಿಲ್ಲ. "ಅತ್ತೆ, ಅವ್ರು ಮನೇಲಿ ಯಾರಿದೀರಾ ಅಂತ ಕೇಳಿದ್ರು. ಅಮ್ಮ ಮೂರೇ ಜನ ಅಂದ್ಳು. ನಾನೂ ಸುಮ್ನಿದ್ದೆ."

"ಅತ್ಗೇಗೆ ನಿನ್ನ ಚಿಂತೆ. ಬಿಡು" ಎಂದಳು. ಆಮೇಲೆ ತಿರುಗಿ ಮುರಿದ ಗಿಡವೊಂದನ್ನು ಎತ್ತಿಕೊಂಡಳು. ಕೈ ನಡುಗುತ್ತಿತ್ತು. ಅವತ್ತು ಭಾನುವಾರ, ಮಗ್ಗ ಓಡುತ್ತಿರಲಿಲ್ಲ.

ಆ ಸಂಬಂಧ ಬೇಡವೆಂದು ನಾನೇ ಅಪ್ಪನಿಗೆ ಹೇಳಿದೆ. ನನ್ನ ಜೀವನದಲ್ಲಿ ಅಪ್ಪನೆದುರು ನಿಂತು ಬೇಡವೆಂದಿದ್ದು ಅದೇ ಮೊದಲು. ಅಪ್ಪ ಯಾಕೆಂದು ಕೇಳಲಿಲ್ಲ. ಅಮ್ಮ ಎರಡು ದಿನ ಅತ್ತಳು, ಮುಳ್ಳಿನ ಗಿಡಗಳಿಗೆ ಶಾಪ ಹಾಕಿದಳು. ಒಂದು ಸಲ ಶಾಪದ ಮಧ್ಯೆಯೇ ನಿಲ್ಲಿಸಿ, "ಹಣೆ ಊತ ಇಳೀತಾ ಅವಳಿಗೆ?" ಎಂದು ನನ್ನನ್ನು ಕೇಳಿದಳು.

ಎರಡು ತಿಂಗಳಲ್ಲಿ ರತ್ನತ್ತೆ ದೇವನಹಳ್ಳಿಗೆ ಹೊರಟಳು. ವಾಟ್ಸಾಪಿನ ಗಿಡದ ಗ್ರೂಪಿನಲ್ಲಿ ಯಾರೋ ಅಲ್ಲಿನ ನರ್ಸರಿಯೊಂದರಲ್ಲಿ ಕೆಲಸವಿದೆ ಎಂದಿದ್ದರಂತೆ. ಅಪ್ಪ ತಡೆದರು. ಅಮ್ಮ ಅಡುಗೆಮನೆಯಿಂದ ಈಚೆ ಬರಲಿಲ್ಲ. "ಕೋಪಕ್ಕಲ್ಲ ಅಣ್ಣ, ಇಲ್ಲಿ ಜಾಗ ಸಾಲ್ದು" ಎಂದು ರತ್ನತ್ತೆ ಹೇಳುತ್ತಲೇ ಇದ್ದಳು, ಹೇಳುತ್ತಲೇ ಡಬ್ಬಿಗಳಿಗೆ ಪೇಪರು ಸುತ್ತುತ್ತಿದ್ದಳು. ಗೂಡ್ಸ್ ಆಟೋದ ಹಿಂದೆ ಗಿಡಗಳ ನಡುವೆ ಅವಳೇ ನಿಂತುಕೊಂಡು ಹೋದಳು, ಮುಂದೆ ಸೀಟು ಇದ್ದರೂ.

ದೇವನಹಳ್ಳಿಯಲ್ಲಿ ಅವಳದು ಕೋಟೆಯ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಒಂದು ಕೋಣೆ, ಅದರ ಮುಂದೆ ದೊಡ್ಡ ತಾರಸಿ. ವಿಮಾನಗಳು ತಲೆಯ ಮೇಲೇ ಹಾದುಹೋಗುತ್ತಿದ್ದವು. ನರ್ಸರಿಯಿಂದ ಏರ್‌ಪೋರ್ಟ್ ರಸ್ತೆಯ ಹೋಟೆಲುಗಳಿಗೆ ಗಿಡ ಹೋಗುತ್ತಿತ್ತು. ಮೇಜಿನ ಮೇಲಿಡುವ ಪುಟ್ಟ ಕಳ್ಳಿಗಳಿಗೆ ಅಲ್ಲಿನವರು ದಿನಾ ನೀರು ಹಾಕಿ ಹದಿನೈದು ದಿನಕ್ಕೆ ಕೊಳೆಸಿ ವಾಪಸು ಕಳಿಸುತ್ತಿದ್ದರು. ಎಸೆಯಲೆಂದು ರಾಶಿ ಹಾಕಿದ್ದನ್ನು ಇವಳು ಮನೆಗೆ ತಂದು, ಕೊಳೆತದ್ದನ್ನು ಕೊಯ್ದು, ಇದ್ದಿಲ ಪುಡಿ ಹಚ್ಚಿ, ನೆರಳಲ್ಲಿ ಒಣಗಿಸಿ ಬದುಕಿಸುತ್ತಿದ್ದಳು. ಕೆಲಸದಿಂದ ಬಂದ ಮೇಲೆ, ರಜೆಯ ದಿನ, ಅದೇ. ನಾನು ಹೋದಾಗಲೆಲ್ಲ ತಾರಸಿ ಇನ್ನಷ್ಟು ತುಂಬಿರುತ್ತಿತ್ತು. ಬಂದವರಿಗೆಲ್ಲ ಕೊಡುತ್ತಿದ್ದಳು, ಆದರೂ ಖಾಲಿಯಾಗುತ್ತಿರಲಿಲ್ಲ. ಹಬ್ಬಕ್ಕೆ ಕರೆದರೆ ನಮ್ಮ ಮನೆಗೆ ಬರುತ್ತಿದ್ದಳು, ಅಮ್ಮನ ಜೊತೆ ಒಬ್ಬಟ್ಟು ತಟ್ಟುತ್ತಿದ್ದಳು. ಆ ಭಾನುವಾರದ ಮಾತು ಇಬ್ಬರೂ ಎತ್ತಲಿಲ್ಲ. ಸಂಜೆಗೆ ಬಸ್ಸು ಹತ್ತಿಬಿಡುತ್ತಿದ್ದಳು.

ನನ್ನ ಮದುವೆಯೂ ಆಯಿತು, ನೆಲಮಂಗಲಕ್ಕೆ ಬಂದೆ. ಅವಳನ್ನು ಕೊನೆಯ ಸಲ ನೋಡಿದ್ದು ಅಲ್ಲಿಯೇ. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೇಳದೆ ಕೇಳದೆ ಬಂದಳು. ಸಣ್ಣಗಾಗಿದ್ದಳು. ಮನೆಯೆಲ್ಲ ಒಂದು ಸುತ್ತು ಹಾಕಿದಳು, ನನ್ನ ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದಳು, ಮಗುವನ್ನು ನನ್ನ ಕೈಗೆ ಕೊಟ್ಟು ನೀರಿನ ಪಾತ್ರೆಗಳನ್ನು ಸರಿಸಿ ಇಟ್ಟಳು, ಕಿಟಕಿಯಲ್ಲಿದ್ದ ಮನಿಪ್ಲಾಂಟಿನ ಒಣಗಿದ ಎಲೆ ಕಿತ್ತಳು.

"ಊಟ ಮಾಡ್ಕೊಂಡ್ ಹೋಗು ಅತ್ತೆ, ಅನ್ನಕ್ಕಿಟ್ಟಿದೀನಿ."

"ಬೇಡ ಕಣೆ, ಗಿಡ ಎಲ್ಲಾ ಬಿಸಿಲಲ್ಲಿ ಬಿಟ್ಟು ಬಂದಿದೀನಿ."

"ಬಿಸಿಲು ತಾನೇ ಅವಕ್ಕೆ ಬೇಕಾದ್ದು?"

ಅವಳು ನಕ್ಕಳು. "ಹೌದಲ್ಲ" ಎಂದಳು. ಆದರೂ ಹೊರಟಳು. ಬಸ್‌ಸ್ಟಾಪಿನವರೆಗೆ ಹೋದೆ. ಎದೆಯ ಎಡಗಡೆ ಒಂದೆರಡು ಸಲ ಕೈಯಿಟ್ಟು ಉಜ್ಜಿಕೊಂಡಳು. ಏನತ್ತೆ ಎಂದರೆ, "ಗ್ಯಾಸು" ಎಂದಳು. ಬಸ್ಸು ಖಾಲಿಯಿತ್ತು, ಆದರೂ ಕಂಬಿ ಹಿಡಿದು ನಿಂತಿದ್ದುದು ಹಿಂದಿನ ಗಾಜಿನಲ್ಲಿ ಕಾಣಿಸಿತು.

ಇಪ್ಪತ್ತು ದಿನಕ್ಕೆ ಸುದ್ದಿ ಬಂತು. ನರ್ಸರಿಯಲ್ಲಿ ಕುಂಡಕ್ಕೆ ಮಣ್ಣು ತುಂಬುತ್ತಿದ್ದವಳು ಹಾಗೆಯೇ ಕುಸಿದಳಂತೆ. ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಇರಲಿಲ್ಲ. ಅವಳಿಗೆ ಐವತ್ತೈದು.

ಕಾರ್ಯವೆಲ್ಲ ಮುಗಿದ ಮೇಲಿನ ಭಾನುವಾರ ನಾನು, ಅಮ್ಮ ಕೋಣೆ ಖಾಲಿ ಮಾಡಲು ಹೋದೆವು. ಅಪ್ಪ ಬರಲಾರೆನೆಂದರು. ಕೋಣೆಯಲ್ಲಿ ಹೆಚ್ಚೇನೂ ಇರಲಿಲ್ಲ. ತಾರಸಿಯಲ್ಲಿ ನಾನೂರರ ಹತ್ತಿರ ಗಿಡಗಳು. ಏನು ಮಾಡುವುದೆಂದು ತಿಳಿಯದೆ ಅವಳ ಮೊಬೈಲಿನಿಂದ ಆ ಗಿಡದ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಬರೆದೆ: ರತ್ನಮ್ಮ ತೀರಿಕೊಂಡಿದ್ದಾರೆ, ಗಿಡಗಳನ್ನು ಸಾಕುವವರು ಬಂದು ತೆಗೆದುಕೊಂಡು ಹೋಗಬಹುದು.

ಒಂದು ಗಂಟೆಯೊಳಗೆ ಜನ ಬರತೊಡಗಿದರು. ಮೊದಲು ಬಂದವನು ಏರ್‌ಪೋರ್ಟಿನ ಕ್ಯಾಬ್ ಡ್ರೈವರ್. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಳ್ಳಲು ಅವಳು ಒಂದು ಗಿಡ ಕೊಟ್ಟಿದ್ದಳಂತೆ. "ಟ್ರಾಫಿಕ್ಕಲ್ಲಿ ತಲೆ ಕೆಟ್ಟಾಗ ಇದನ್ನ ನೋಡಪ್ಪ, ಹಾರ್ನ್ ಹೊಡೀಬೇಡ ಅಂದಿದ್ರು" ಎಂದು ಹೇಳಿ ಕಣ್ಣೊರೆಸಿಕೊಂಡ. ಸೂಲಿಬೆಲೆ ಕಡೆಯಿಂದ ಹಸು ಸಾಕುವ ಒಬ್ಬರು ಬೈಕಿಗೆ ಹಾಲಿನ ಕ್ರೇಟು ಕಟ್ಟಿಕೊಂಡು ಬಂದರು. ಬ್ಯಾಂಕಿನ ಸೆಕ್ಯೂರಿಟಿಯವರು, ಬಸುರಿ ಹೆಂಗಸೊಬ್ಬಳು, ಇಂಗ್ಲಿಷಿನಲ್ಲೇ ಮಾತಾಡುವ ಇಬ್ಬರು ಹುಡುಗಿಯರು. ನಮಗೆ ಒಬ್ಬರ ಗುರುತೂ ಇರಲಿಲ್ಲ; ಅವರಿಗೆ ನಮ್ಮದೂ ಇರಲಿಲ್ಲ. ಒಬ್ಬೊಬ್ಬರೂ ಗಿಡ ಆರಿಸುವಾಗ ಅವಳು ತಮಗೆ ಹೇಳಿದ್ದೊಂದು ಮಾತು ಹೇಳುತ್ತಿದ್ದರು. ಅಮ್ಮನಿಗೆ ಬೇಕೇ ಎಂದೆ. "ನಂಗೆ ಬೇಡಮ್ಮ, ಭಯ" ಎಂದಳು. ಆದರೆ ಬಂದವರಿಗೆಲ್ಲ ಗಿಡ ಎತ್ತಿ ಕೊಡುತ್ತಿದ್ದವಳು ಅಮ್ಮನೇ. ಪ್ರತಿಯೊಬ್ಬರನ್ನೂ, "ನಿಮಗೆ ರತ್ನ ಹೆಂಗೆ ಪರಿಚಯ?" ಎಂದು ಕೇಳುತ್ತಿದ್ದಳು, ಅವರು ಹೇಳಿ ಮುಗಿಸುವವರೆಗೂ ಗಿಡವನ್ನು ಕೈಬಿಡುತ್ತಿರಲಿಲ್ಲ. ಅಮ್ಮನ ಬೆರಳುಗಳಿಂದ ಸಣ್ಣಗೆ ರಕ್ತ ಬರುತ್ತಿತ್ತು.

ಮೂರು ಗಂಟೆಗೆ ಒಂದೇ ಒಂದು ಉಳಿದಿತ್ತು, ನಾನು ನನಗೆಂದು ಬಾಗಿಲ ಹಿಂದೆ ತೆಗೆದಿಟ್ಟದ್ದು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ನನ್ನದೇ ವಯಸ್ಸಿನ ಆಚೀಚೆ. ಚಿಂತಾಮಣಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳಂತೆ. ಖಾಲಿ ತಾರಸಿ ನೋಡಿ ನಿಂತುಬಿಟ್ಟಳು. ನಾನು ಒಳಗೆ ಹೋಗಿ ಆ ಗಿಡ ತಂದು ಅವಳ ಕೈಗಿಟ್ಟೆ. ಅವಳು ಅದನ್ನೂ ನನ್ನನ್ನೂ ನೋಡಿದಳು.

"ನೀವು ಅವ್ರ ಮಗಳಾ?"

ಅಲ್ಲ, ಅವರ ಅಣ್ಣನ ಮಗಳು ಎನ್ನಲು ಬಾಯಿ ತೆರೆದೆ. ಹಿಂದಿನಿಂದ ಅಮ್ಮ ಹೇಳಿದಳು:

"ಹೂಂ ಕಣಮ್ಮ, ಮಗಳೇ."

ಆ ಹೆಂಗಸು ಗಿಡವನ್ನು ಎದೆಗೆ ತಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿದುಹೋದಳು. ನಾನು ತಿರುಗಿ ನೋಡಿದೆ. ಅಮ್ಮ ನನಗೆ ಮುಖ ಕೊಡದೆ, ಇಷ್ಟು ಮಣ್ಣು ಚೆಲ್ಲಿದೆ, ಗುಡಿಸಿ ಹೋಗೋಣ ಎಂದು ಪೊರಕೆ ಹುಡುಕುತ್ತಾ ಕೋಣೆಯೊಳಗೆ ಹೋದಳು. ಎಷ್ಟು ಹೊತ್ತಾದರೂ ಅವಳು ಈಚೆ ಬರಲಿಲ್ಲ. ಒಳಗೆ ಹೋಗಿ ನೋಡುವ ಧೈರ್ಯವಾಗದೆ, ನಾನು ಆ ಬರಿದಾದ ತಾರಸಿಯ ಮೇಲೆ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದೆ.